ಆಂಬುಲೆನ್ಸಿನಿಂದ ಹಡಗಿಗೆ

ಎರಡು ವರ್ಷದ ಹಿಂದಿನ ಜನವರಿ. ಕುಮಟಾ, ಹೊನ್ನಾವರ, ಭಟ್ಕಳ ಮೂರೂ ತಾಲೂಕಿನ ಹುಡುಗಿಯರಿಗಾಗಿ ಒಂದು ಕಬಡ್ಡಿ ಲೀಗ್ ನಡೆಯುತ್ತಿತ್ತು. ನಾನು ಕುಮಟಾದ ಒಂದು ಕಾಲೇಜಿನಲ್ಲಿ ಕಂಪ್ಯೂಟರ್ ಪಾಠ ಮಾಡುವವಳು. ಆಡಿದವಳಲ್ಲ, ಆಟದ ನಿಯಮಗಳೂ ಅಷ್ಟಕ್ಕಷ್ಟೆ. ಆದರೆ ನಮ್ಮ ತಂಡದ ಕೋಚ್ ಮಂಜುನಾಥ ಮಾಸ್ತರು, “ಮೇಡಂ, ಸ್ಕೋರು ಆಗಿಂದಾಗ ಮೊಬೈಲಲ್ಲಿ ಕಾಣೋ ಹಾಂಗೆ ಎಂತಾದ್ರೂ ಮಾಡಿಕೊಡಿ” ಎಂದಾಗ ಖುಷಿಯಿಂದ ಒಪ್ಪಿಕೊಂಡೆ.

ಅಂಕಣದ ಪಕ್ಕ ಕೂತವರು ಪ್ರತಿ ರೇಡಿನ ಫಲಿತಾಂಶವನ್ನು ಫೋನಿನಲ್ಲಿ ಒತ್ತುತ್ತಾರೆ. ನಾನು ಪೈಥಾನಿನಲ್ಲಿ ಬರೆದ ಒಂದು ಪ್ರೋಗ್ರಾಂ ಅದನ್ನು ಪರಿಶೀಲಿಸಿ ಡೇಟಾಬೇಸಿಗೆ ಸೇರಿಸುತ್ತದೆ. ಎಪಿಐ ಎಂಬ ಇನ್ನೊಂದು ಪ್ರೋಗ್ರಾಂ ಅದನ್ನು ಕೇಳಿದವರಿಗೆಲ್ಲ ಹಂಚುತ್ತದೆ. ಎರಡನ್ನೂ ಬೇರೆ ಬೇರೆ ಕಂಟೇನರಿನಲ್ಲಿ ಇಟ್ಟಿದ್ದೆ. ಕಂಟೇನರ್ ಎಂದರೆ ಪ್ರೋಗ್ರಾಮಿಗೆ ಬೇಕಾದುದನ್ನೆಲ್ಲ ಒಟ್ಟಿಗೆ ತುಂಬಿ ಮುಚ್ಚಿದ ಡಬ್ಬಿ ಅಂದುಕೊಳ್ಳಿ. ನನ್ನ ಲ್ಯಾಪ್‌ಟಾಪಿನಲ್ಲಿ ಓಡಿದ್ದು ಎಲ್ಲೋ ದೂರದ ಬಾಡಿಗೆ ಸರ್ವರಿನಲ್ಲೂ ಹಾಗೆಯೇ ಓಡುತ್ತದೆ. ತಪ್ಪು ಅಂಕ ಒಳಗೆ ನುಸುಳಬಾರದೆಂದು ಪರಿಶೀಲನೆಯನ್ನು ಬಹಳ ಬಿಗಿ ಮಾಡಿದ್ದೆ. ರೇಡ್, ಟ್ಯಾಕಲ್, ಬೋನಸ್, ಔಟ್, ಗಾಯ, ಇಂಥ ಗೊತ್ತಿರುವ ಪದಗಳನ್ನು ಬಿಟ್ಟು ಬೇರೇನು ಬಂದರೂ ಪ್ರೋಗ್ರಾಂ ಬಾಗಿಲಲ್ಲೇ ತಡೆಯುತ್ತಿತ್ತು. ಅದೊಂದು ಹೆಮ್ಮೆ ನನಗೆ.

ನಮ್ಮ ತಂಡದಲ್ಲಿ ಮಿರ್ಜಾನದ ಚೈತ್ರಾ ಎಂಬ ಹುಡುಗಿ ಇದ್ದಳು, ನಮ್ಮದೇ ಕಾಲೇಜಿನ ವಿದ್ಯಾರ್ಥಿನಿ. ಅವಳ ಅಪ್ಪ ಸರಕು ಹಡಗಿನಲ್ಲಿ ಕೆಲಸ ಮಾಡುತ್ತಿದ್ದರು. ನಡುಸಮುದ್ರದಲ್ಲಿ ಅವರ ಮೊಬೈಲಿಗೆ ನೆಟ್‌ವರ್ಕ್ ಇರುತ್ತಿರಲಿಲ್ಲ. ಹಡಗಿನ ಆಫೀಸಿನ ಕಂಪ್ಯೂಟರಿನಲ್ಲಿ ಫೋಟೋ, ವಿಡಿಯೋ ತೆರೆಯುತ್ತಿರಲಿಲ್ಲ. “ಅಪ್ಪಂಗೆ ಬರೀ ಅಕ್ಷರ ಇದ್ರೆ ಮಾತ್ರ ಕಾಣ್ತದಂತೆ ಮೇಡಂ” ಎಂದು ಅವಳು ಹೇಳಿದ್ದಕ್ಕೆ, ಚಿತ್ರ ಬಣ್ಣ ಯಾವುದೂ ಇಲ್ಲದ ಒಂದು ಪುಟವನ್ನೂ ಮಾಡಿದ್ದೆ. ಅದನ್ನು ನೋಡುತ್ತಿದ್ದವರು ಅವರೊಬ್ಬರೇ ಇರಬೇಕು.

ಆ ದಿನ ಪಂದ್ಯ ಹೊನ್ನಾವರದಲ್ಲಿತ್ತು. ದ್ವಿತೀಯಾರ್ಧದಲ್ಲಿ ಚೈತ್ರಾ ರೇಡಿಗೆ ಹೋದಳು. ಒಂದು ಅಂಕ ಹೆಚ್ಚಿಗೆ ತರುವ ಬೋನಸ್ ಗೆರೆಯ ಕಡೆ ಕಾಲು ಚಾಚಿದಳು. ಎದುರಿನ ಇಬ್ಬರು ಒಟ್ಟಿಗೆ ಹಿಡಿದರು. ಮೂವರೂ ಬಿದ್ದರು. ಇಬ್ಬರು ಎದ್ದರು. ಚೈತ್ರಾ ಏಳಲಿಲ್ಲ.

ತಲೆಯ ಹಿಂಭಾಗ ನೆಲಕ್ಕೆ ಬಡಿದಿತ್ತು. ಮಾಸ್ತರು ಓಡಿ ಹೋಗಿ ಕರೆದರು, ಉತ್ತರವಿಲ್ಲ. ಅಂಕ ಬರೆಯುತ್ತಿದ್ದವರು ತಮ್ಮ ಕೆಲಸ ತಾವು ಮಾಡಿದ್ದರು. ನನ್ನ ಲ್ಯಾಪ್‌ಟಾಪಿನಲ್ಲಿ ಒಂದು ಸಾಲು ಮೂಡಿತು: ‘ಚೈತ್ರಾ: ಗಾಯ. ಆಟ ನಿಂತಿದೆ.’

ಹೊನ್ನಾವರದ ಆಸ್ಪತ್ರೆಯ ಡಾಕ್ಟರು ಕಣ್ಣಿಗೆ ಬೆಳಕು ಬಿಟ್ಟು ನೋಡಿ, “ತಲೆಯ ಸ್ಕ್ಯಾನ್ ಆಗಬೇಕು, ತಡ ಮಾಡದೆ ಉಡುಪಿ ಕಡೆಗೆ ಕರೆದುಕೊಂಡು ಹೋಗಿ” ಎಂದರು. ಎರಡು ಗಂಟೆಗೂ ಮಿಕ್ಕಿದ ಆ ದಾರಿ ಎಷ್ಟು ಉದ್ದ ಎಂದು ನಮ್ಮ ಜಿಲ್ಲೆಯವರಿಗೆ ಹೇಳಬೇಕಾಗಿಲ್ಲ. ಆಂಬುಲೆನ್ಸಿನಲ್ಲಿ ಮಾಸ್ತರು, ನಾನು, ಒಬ್ಬ ನರ್ಸ್. ಚೈತ್ರಾಳ ಅಮ್ಮ ಮಿರ್ಜಾನದಿಂದ ಬೇರೆ ಗಾಡಿಯಲ್ಲಿ ಹೊರಟಿದ್ದರು.

ಶರಾವತಿ ಸೇತುವೆ ದಾಟುತ್ತಿದ್ದಾಗ ನನ್ನ ಫೋನ್ ಬಡಿದುಕೊಂಡಿತು. ಉದ್ದದ, ವಿಚಿತ್ರವಾದ ನಂಬರು. ಎತ್ತಿದರೆ ಗಾಳಿಯಂಥ ಸದ್ದಿನ ನಡುವೆ ಒಂದು ಗಂಡಸಿನ ದನಿ.

“ಅಕ್ಕೋರೆ, ನಾನು ಚೈತ್ರನ ಅಪ್ಪ. ಪೇಜಲ್ಲಿ ನಂಬರ್ ಇತ್ತು. ಎಂತ ಆತು ನನ್ನ ಮಗಳಿಗೆ?”

“ಬಿದ್ದು ತಲೆಗೆ ಪೆಟ್ಟಾಗಿದೆ. ಆಸ್ಪತ್ರೆಗೆ ಕರ್ಕೊಂಡು ಹೋಗ್ತಾ ಇದ್ದೇವೆ” ಎಂದೆ.

“ಮಾತಾಡ್ತಾಳಾ?”

ನಾನು ಬಾಯಿ ತೆರೆಯುವುದರೊಳಗೆ ಅವರೇ ಹೇಳಿದರು: “ಹಡಗಿನ ಸ್ಯಾಟಲೈಟ್ ಫೋನು ಇದು, ಈಗ ಕಟ್ ಆಗ್ತದೆ. ಇನ್ನೊಮ್ಮೆ ಸಿಗೂದಿಲ್ಲ. ನೀವು ಆ ಪೇಜಲ್ಲಿ ಬರೀರಿ ಅಕ್ಕೋರೆ. ನಾನು ಅಲ್ಲೇ ಕೂತಿರ್ತೆ. ಬರೀರಿ.”

ಲೈನ್ ಹೋಯಿತು.

ಲ್ಯಾಪ್‌ಟಾಪನ್ನು ತೊಡೆಯ ಮೇಲಿಟ್ಟು ಫೋನಿನ ಇಂಟರ್ನೆಟ್ ಜೋಡಿಸಿದೆ. ಅಂಕ ಬರೆಯುವ ಜಾಗದಲ್ಲೇ ಎರಡು ಮಾತು ಬರೆದು ಕಳಿಸಿದೆ. ತಿರಸ್ಕೃತ. ಇನ್ನೊಮ್ಮೆ ಕಳಿಸಿದೆ. ಮತ್ತೆ ತಿರಸ್ಕೃತ. ನಾನೇ ಕಟ್ಟಿದ ಪರಿಶೀಲನೆ ನನ್ನನ್ನೇ ಒಳಗೆ ಬಿಡುತ್ತಿರಲಿಲ್ಲ. ಕಬಡ್ಡಿಯಲ್ಲಿ ಇಲ್ಲದ ಮಾತು ಅದಕ್ಕೆ ಬೇಡ.

ಇದ್ದದ್ದು ಒಂದೇ ದಾರಿ. ಲ್ಯಾಪ್‌ಟಾಪಿನಿಂದಲೇ ಸರ್ವರಿನ ಒಳಹೊಕ್ಕು ಪ್ರೋಗ್ರಾಂ ತಿದ್ದಿ, ‘ಸುದ್ದಿ’ ಎಂಬ ಹೊಸ ಬಗೆಯನ್ನು ಸೇರಿಸಿ, ಎರಡೂ ಕಂಟೇನರುಗಳನ್ನು ಹೊಸದಾಗಿ ಕಟ್ಟಿ ಓಡಿಸಬೇಕು. ಅಷ್ಟು ಹೊತ್ತು ಪುಟ ತೆರೆಯುವುದಿಲ್ಲ. ಅಲ್ಲಿ ಆ ಮನುಷ್ಯ ಕಣ್ಣು ನೆಟ್ಟು ಕೂತಿರುವಾಗ ಇದ್ದ ಒಂದು ಸಾಲನ್ನೂ ಅಳಿಸಿದ ಹಾಗೆ.

ಮಂಕಿಯ ಹತ್ತಿರ ಹಳೆಯದನ್ನು ನಿಲ್ಲಿಸಿದೆ. ಹೊಸದಕ್ಕೆ ಆಜ್ಞೆ ಕೊಟ್ಟೆ, ಅಷ್ಟರಲ್ಲೇ ನೆಟ್‌ವರ್ಕ್ ಹೋಯಿತು.

ಪರದೆ ಕಲ್ಲಾಗಿ ನಿಂತಿತ್ತು. ಪಕ್ಕದಲ್ಲಿ ನರ್ಸ್ ಚೈತ್ರಾಳ ನಾಡಿ ಹಿಡಿದು ಕೂತಿದ್ದಳು. ಹುಡುಗಿ ಒಮ್ಮೆ ಮುಲುಕಿದಳು, ವಾಂತಿ ಮಾಡಿಕೊಂಡಳು. ನರ್ಸ್ ತಕ್ಷಣ ಅವಳನ್ನು ಮಗ್ಗುಲಿಗೆ ಹೊರಳಿಸಿ ಬಾಯಿ ಒರೆಸಿದಳು. ಮಾಸ್ತರ ಮುಖದಲ್ಲಿ ರಕ್ತವೇ ಇರಲಿಲ್ಲ. “ಎಂಥ ಮಾಡೂದು ಈಗ?” ಎಂದು ಡ್ರೈವರನ್ನು ಕೇಳಿದರು. “ನಾನು ಓಡಿಸ್ತಾ ಇದ್ದೇನೆ ಸರ್, ನೀವು ಗಟ್ಟಿ ಹಿಡ್ಕೊಳಿ” ಎಂದ ಅವನು.

ಮುರ್ಡೇಶ್ವರದ ಹತ್ತಿರ ನೆಟ್‌ವರ್ಕ್ ಮರಳಿತು. ಕಂಟೇನರ್ ಎದ್ದಿರಲಿಲ್ಲ. ಗಾಡಿಯ ಕುಲುಕಾಟದಲ್ಲಿ ಒಂದು ಆವರಣ ಚಿಹ್ನೆ ಮುಚ್ಚುವುದನ್ನು ಮರೆತಿದ್ದೆ. ವಿದ್ಯಾರ್ಥಿಗಳಿಗೆ ಅದೇ ತಪ್ಪಿಗೆ ಎಷ್ಟು ಸಲ ಬೈದಿದ್ದೇನೋ. ತಿದ್ದಿದೆ. ಮತ್ತೆ ಕಟ್ಟಲು ಬಿಟ್ಟೆ. ಸಾಲುಗಳು ಒಂದೊಂದಾಗಿ ಇಳಿದವು. ಈ ಸಲ ಎರಡೂ ಎದ್ದವು.

ಈಗ ಬರೆಯಬೇಕು. ಏನೆಂದು?

ಮಾಸ್ತರು ನನ್ನ ಪರದೆ ನೋಡಿದರು. “ಹುಷಾರಿದ್ದಾಳೆ ಅಂತ ಬರ್ದುಬಿಡಿ ಮೇಡಂ. ಸಮುದ್ರದ ಮಧ್ಯೆ ಇರೋ ಮನುಷ್ಯ. ಗೊತ್ತಾಗಿ ಅವ್ರು ಎಂತ ಮಾಡ್ತಾರೆ?”

ಅವರ ಮಾತಿನಲ್ಲಿ ಕರುಣೆ ಇತ್ತು. ‘ಹು’ ಎಂದು ಒತ್ತಿಯೂ ಬಿಟ್ಟಿದ್ದೆ. ಆದರೆ ಲೀಗಿನ ಶುರುವಿನಿಂದ ಆ ಪುಟದಲ್ಲಿ ನಡೆದದ್ದನ್ನು ಬಿಟ್ಟು ಬೇರೇನೂ ಬಂದಿರಲಿಲ್ಲ. ಮಗಳು ಔಟಾದರೆ ಔಟ್ ಎಂದೇ ಅವರು ಓದಿದ್ದರು. ಅಳಿಸಿದೆ. ಬರೆದೆ: ‘ಉಸಿರಾಟ ಸರಿ ಇದೆ. ಕಣ್ಣು ಬಿಟ್ಟಿಲ್ಲ. ಒಮ್ಮೆ ವಾಂತಿಯಾಯಿತು. ನರ್ಸ್ ಪಕ್ಕದಲ್ಲೇ ಇದ್ದಾರೆ. ಭಟ್ಕಳ ಹತ್ತಿರ ಬಂತು.’

ಮಾಸ್ತರು ಮುಖ ತಿರುಗಿಸಿ ಕೂತರು.

ಯಾರಾದರೂ ಪುಟ ತೆರೆಯಲು ಕೇಳಿದರೆ ಸರ್ವರಿನಲ್ಲಿ ಒಂದು ಗುರುತು ಬೀಳುತ್ತದೆ. ಪಂದ್ಯ ನಿಂತ ಮೇಲೆ ನೋಡುತ್ತಿದ್ದವರೆಲ್ಲ ಬಿಟ್ಟುಹೋಗಿದ್ದರು. ಆ ಖಾಲಿ ಪರದೆಯಲ್ಲಿ ಒಂದು ಸಾಲು ಬಿತ್ತು. ಅಕ್ಷರದ ಪುಟ, ದೂರದ ವಿಳಾಸ. ಸ್ವಲ್ಪ ಹೊತ್ತಿಗೆ ಮತ್ತೊಂದು, ಅದೇ ವಿಳಾಸ. ಅವರು ಓದುತ್ತಿದ್ದರು. ಉತ್ತರ ಕೊಡಲು ಅವರಿಗೆ ದಾರಿಯಿರಲಿಲ್ಲ. ಪುಟವನ್ನು ಕೇಳುತ್ತಲೇ ಇದ್ದರು.

ಭಟ್ಕಳ ಪೇಟೆಯಲ್ಲಿ ವಾಹನಗಳು ಸಿಕ್ಕಿಕೊಂಡಿದ್ದವು. ಒಬ್ಬ ರಿಕ್ಷಾದವನು ಇಳಿದು ಕೈಬೀಸಿ ದಾರಿ ಬಿಡಿಸಿದ. ‘ಭಟ್ಕಳ ದಾಟಿದೆವು’ ಎಂದು ಬರೆದೆ. ಗುರುತು ಬಿತ್ತು. ‘ಕೈಬೆರಳು ಅಲುಗಿಸಿದಳು’ ಎಂದು ಬರೆದೆ. ಗುರುತು ಬಿತ್ತು. ಮುಂದೆ ಬಹಳ ಹೊತ್ತು ಬರೆಯಲು ಏನೂ ಇರಲಿಲ್ಲ. ‘ಬದಲಾವಣೆ ಇಲ್ಲ’ ಎಂದು ಬರೆದೆ. ಅದನ್ನೂ ಅವರು ಓದಿದರು.

ಶಿರೂರು ದಾಟಿದ ಮೇಲೆ ಚೈತ್ರಾ ಹುಬ್ಬು ಗಂಟಿಕ್ಕಿದಳು. ರೆಪ್ಪೆ ಬಿಚ್ಚಿತು. ಮಾಸ್ತರು ಬಗ್ಗಿ, “ಚೈತ್ರಾ, ನಾನ್ಯಾರು?” ಎಂದರು. ಅವಳು ಅವರನ್ನೇ ನೋಡಿದಳು. ನಾಲಗೆ ತಡವರಿಸುತ್ತಿತ್ತು.

“ಸರ್... ಬೋನಸ್ ಕೊಟ್ರಾ?”

ಅಷ್ಟು ದೊಡ್ಡ ಆಳು ಮಾಸ್ತರು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಅತ್ತರು. ನನಗೆ ಪರದೆ ಮಂಜಾಗಿ ಕಾಣುತ್ತಿತ್ತು. ಹೇಗೋ ಬರೆದೆ: ‘ಕಣ್ಣು ಬಿಟ್ಟಳು. ಬೋನಸ್ ಕೊಟ್ರಾ ಎಂದು ಕೇಳಿದಳು.’

ಗುರುತು ಬಿತ್ತು. ಹಿಂದೆಯೇ ಇನ್ನೊಂದು. ಇನ್ನೊಂದು. ಒಂದೇ ಸಾಲನ್ನು ಅವರು ಮತ್ತೆ ಮತ್ತೆ ತೆರೆದು ಓದುತ್ತಿದ್ದರು.

ಉಡುಪಿಯಲ್ಲಿ ಸ್ಕ್ಯಾನ್ ಮಾಡಿದಾಗ ತಲೆಯ ಒಳಗೆ ರಕ್ತಸ್ರಾವ ಇಲ್ಲವೆಂದು ತಿಳಿಯಿತು. ಡಾಕ್ಟರು ಹೇಳಿದ ಮಾತನ್ನು ಹಾಗೇ ಪುಟದಲ್ಲಿ ಹಾಕಿದೆ. ಕೆಲವು ದಿನ ಇದ್ದು ಅವಳು ಮನೆಗೆ ಬಂದಳು. ಆ ವರ್ಷ ಆಡಲಿಲ್ಲ, ಮರುವರ್ಷ ಆಡಿದಳು.

ಚೈತ್ರಾಳ ಅಪ್ಪ ರಜೆಯಲ್ಲಿ ಊರಿಗೆ ಬಂದವರು ನಮ್ಮ ಮನೆಗೂ ಬಂದರು. ಕಡಿಮೆ ಮಾತಿನ ಮನುಷ್ಯ. ಚಾ ಕುಡಿದು ಮುಗಿಯುವವರೆಗೂ ಹಡಗಿನ ಸುದ್ದಿಯನ್ನೇ ಹೇಳಿದರು. ನನಗೊಂದು ಅಳುಕು ಇದ್ದೇ ಇತ್ತು, ಕೇಳಿಬಿಟ್ಟೆ: “ಕಣ್ಣು ಬಿಟ್ಟಿಲ್ಲ ಅಂತ ಬರೆದಿದ್ದು ತಪ್ಪಾಯ್ತಾ? ಅಲ್ಲಿ ಒಬ್ಬರೇ ಕೂತು ಎಷ್ಟು ಹೆದರಿದ್ರೋ.”

“ಹೆದ್ರಿಕೆ ಆತು ಅಕ್ಕೋರೆ, ಸುಳ್ಳು ಎಂತಕ್ಕೆ ಹೇಳೂದು” ಎಂದರು. ಲೋಟ ಕೆಳಗಿಟ್ಟರು. “ಆದ್ರೆ ಮೊದಲೇ ಹುಷಾರಿದ್ದಾಳೆ ಅಂತ ಬರ್ದಿದ್ರೆ, ಕಣ್ಣು ಬಿಟ್ಟಳು ಅಂತ ಆಮೇಲೆ ಬರ್ದಿದ್ದನ್ನ ನಾನು ನಂಬ್ತಾ ಇರ್ಲಿಲ್ಲ. ಊರು ಮುಟ್ಟೂವರೆಗೂ ನಂಬ್ತಾ ಇರ್ಲಿಲ್ಲ.”

ಅವರನ್ನು ಗೇಟಿನವರೆಗೆ ಕಳಿಸಿ ಬಂದು ಚಾ ಲೋಟಗಳನ್ನು ತೊಳೆದಿಟ್ಟೆ. ಆ ದಿನ ಆಂಬುಲೆನ್ಸಿನಲ್ಲಿ ‘ಹು’ ಅಕ್ಷರವನ್ನು ಒತ್ತಿ ನಿಂತಿದ್ದ ನನ್ನ ಬೆರಳು ನೆನಪಾದರೆ ಇಂದಿಗೂ ಮೈ ಜುಮ್ಮೆನ್ನುತ್ತದೆ.