ಮೊದಲ ಬನ್ನಿ

ದಸರೆಯ ಸಂಜೆ ಬನ್ನಿ ಎಲೆಯನ್ನು ಬಂಗಾರವೆಂದು ಕೊಡಲು ಕಿರಿಯರೇ ಹಿರಿಯರ ಮನೆಗೆ ಹೋಗುವುದು ನಮ್ಮ ಹುಬ್ಬಳ್ಳಿಯ ರೂಢಿ. ಆ ವರ್ಷ ನಾನು ವಿದ್ಯಾನಗರದ ನಮ್ಮ ಓಣಿಯನ್ನೆಲ್ಲ ಸುತ್ತಿ ಬಂದೆ, ಪಕ್ಕದ ಮನೆಯ ಕಾಕಾರ ಗೇಟನ್ನು ಮಾತ್ರ ದಾಟಲಿಲ್ಲ. ಅವರು ನಮ್ಮ ನುಗ್ಗೆ ಮರದ ಟೊಂಗೆಯನ್ನು ಕೇಳದೆ ಕಡಿಸಿದ್ದರು. ಆರು ತಿಂಗಳಿಂದ ಮಾತಿರಲಿಲ್ಲ. ತಪ್ಪು ಅವರದು, ನಾನೇಕೆ ಬಾಗಲಿ ಎಂದು ಬಾಗಿಲು ಹಾಕಿಕೊಂಡು ಕುಳಿತೆ.

ಬೆಲ್ ಆಯಿತು. ಎಪ್ಪತ್ತು ದಾಟಿದ ಕಾಕಾ ಮೊಣಕಾಲು ಹಿಡಿದುಕೊಂಡು ನಮ್ಮ ಮೆಟ್ಟಿಲು ಹತ್ತಿ ಬಂದಿದ್ದರು. ಇನ್ನೊಂದು ಕೈಯಲ್ಲಿ ಬನ್ನಿ.

"ಕಾಕಾ, ನಾನ ಬರಬೇಕಿತ್ರಿ," ಎಂದು ತೊದಲಿದೆ.

"ಹೌದಪಾ, ನೀನ ಬರಬೇಕಿತ್ತು. ಆದ್ರ ನಿನ್ನ ದಾರಿ ಕಾಯ್ಕೋತ ಕುಂತ್ರ ಎಲಿ ಒಣಗತಾವಲ್ಲ? ತಗೋ, ಬಂಗಾರದ್ಹಂಗ ಇರೂಣು."

ಕಾಲಿಗೆ ಬಿದ್ದು ಎಲೆ ತೆಗೆದುಕೊಂಡೆ. ಟೊಂಗೆಯ ಮಾತನ್ನು ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಕಾಕಾ ಈಗಿಲ್ಲ. ನನಗೆ ಸಿಟ್ಟು ಈಗಲೂ ಲಗೂನೇ ಬರುತ್ತದೆ, ಮಾತು ಬಿಟ್ಟ ಮನೆ ವರ್ಷಕ್ಕೊಂದಾದರೂ ಇರುತ್ತದೆ. ಆದರೆ ಅವರ ಉಪಕಾರದಿಂದ, ದಸರೆಯ ದಿನ ನನ್ನ ಮೊದಲ ಬನ್ನಿ ಆ ಮಾತು ಬಿಟ್ಟ ಮನೆಗೇ ಹೋಗುತ್ತದೆ, ಎಲೆ ಇನ್ನೂ ಹಸಿಯಾಗಿರುವಾಗಲೇ.