ಲುಡ್ವಿಕ್ ಮಾಮನ ಇಳಿಯುವ ಸೀಟು

ಹಳೆಯ ಸೈಕಲ್ಲಿಗೆ ಹೊಸ ಭಾಗ ಹಾಕಿಸಲು ಬರುವವರಲ್ಲಿ ಲುಡ್ವಿಕ್ ಮಾಮನಷ್ಟು ಹೆದರುವವರನ್ನು ತೊಲ್ಮಿನ್ ಪೇಟೆಯ ನನ್ನ ರಿಪೇರಿ ಅಂಗಡಿ ಕಂಡಿಲ್ಲ. ಹೋದ ವರ್ಷ ಬೆಟ್ಟದ ಬುಡದ ಖಾನಾವಳಿಯ ಮುಂದೆ ಅವರು ನಿಲ್ಲಿಸಲು ಹೋಗಿ ಸೈಕಲ್ ಸಮೇತ ಉರುಳಿದಾಗಲೇ ಭಾನುವಾರದ ಸವಾರಿಯ ಗೆಳೆಯರು, "ಇನ್ನೊಂದ್ಸಲ ಬಿದ್ರೆ ಮನೇಲೇ ಇರಪ್ಪ ಲುಡ್ವಿಕ್" ಎಂದಿದ್ದರು. ಅಂದಿನಿಂದ, ಬೆಟ್ಟದ ಇಳಿಜಾರಿಗೆಂದೇ ಮಾಡಿದ, ಲಿವರ್ ಒತ್ತಿದರೆ ಸೀಟನ್ನು ಕೆಳಗಿಳಿಸುವ ಡ್ರಾಪರ್ ಕಂಬವೊಂದನ್ನು ಟವೆಲಿನಲ್ಲಿ ಕೂಸಿನಂತೆ ಸುತ್ತಿ ತರುತ್ತಾರೆ, ಇಪ್ಪತ್ತಾರು ವರ್ಷದ ಸೈಕಲ್ಲಿನ ಪಕ್ಕ ಹಿಡಿದು ನೋಡುತ್ತಾರೆ, ಮತ್ತೆ ಸುತ್ತಿಕೊಂಡು ಹೋಗುತ್ತಾರೆ. "ಕಂಬದ ದಪ್ಪ ಇಪ್ಪತ್ತೇಳು ಪಾಯಿಂಟ್ ಎರಡು ಮಿಲಿಮೀಟರ್ ತಾನೇ? ಇನ್ನೊಂದ್ಸಲ ಅಳತೆ ತೆಗಿಯಮ್ಮ ನೆಝಾ." "ಏಳು ಸಲ ಆಯ್ತು ಮಾಮ, ರಾತ್ರೋರಾತ್ರಿ ದಪ್ಪ ಆಗೋಕೆ ಅದೇನು ಕುಂಬಳಕಾಯಾ?" ಹಳೆಯ ಚೌಕಟ್ಟಿನಲ್ಲಿ ಲಿವರಿನ ಕೇಬಲ್ ತೂರಿಸಲು ತೂತಿಲ್ಲ, ನಾನು ಡ್ರಿಲ್ ಎತ್ತಿಕೊಂಡರೆ ತಮ್ಮ ಹಲ್ಲಿಗೇ ತಂದಳೇನೋ ಎಂಬಂತೆ ದವಡೆ ಹಿಡಿದುಕೊಳ್ಳುತ್ತಾರೆ. ಕೊನೆಗೆ ಕೇಬಲ್ಲನ್ನು ಹೊರಗಡೆಯೇ ಕಟ್ಟಿಕೊಟ್ಟೆ. "ಮುದಿ ಕುದುರೆಗೆ ಹೊಸ ಜೀನು!" ಎಂದು ಗೆಳೆಯರು ರೇಗಿಸಿದರೆ, "ಇಳಿಜಾರಲ್ಲಿ ನಿಮಗೆ ನನ್ನ ಬೆನ್ನೇ ಕಾಣೋದು, ನೋಡ್ತಿರ್ರೋ" ಎನ್ನುತ್ತಾರೆ, ಮರುಕ್ಷಣ ನನ್ನ ಕಿವಿಯಲ್ಲಿ, "ಒತ್ತಿದ ಕೂಡ್ಲೆ ಇಳಿಯುತ್ತೆ ತಾನೇ? ಕೈಕೊಡಲ್ಲ ತಾನೇ?" ಕಳೆದ ಭಾನುವಾರ ಮೊದಲ ಸವಾರಿ; ನಾನು ಅವರ ಹಿಂದೆಯೇ ಇದ್ದೆ. ಕಡಿದಾದ ಇಳಿಜಾರಿನುದ್ದಕ್ಕೂ ಅವರು ಲಿವರ್ ಮುಟ್ಟಲೇ ಇಲ್ಲ. ಅದನ್ನು ಒತ್ತಿದ್ದು ಅದೇ ಖಾನಾವಳಿಯ ಮುಂದೆ, ಸೈಕಲ್ ನಿಲ್ಲಿಸುವಾಗ. ಸೀಟು ಮೆಲ್ಲನೆ ಕುಸಿಯಿತು. ಸೊಂಟ ಬಿಗಿದುಕೊಂಡಾಗಿನಿಂದ ನೆಲಕ್ಕೆ ಎಟುಕದೆ ತಡವರಿಸುತ್ತಿದ್ದ ಅವರ ಪಾದಗಳು ಎರಡೂ ಒಟ್ಟಿಗೆ ನೆಲ ಮುಟ್ಟಿದವು. ಯಾರಾದರೂ ಗಮನಿಸಿದರೇ ಎಂದು ಅವರು ಸುತ್ತ ಕಣ್ಣಾಡಿಸುವಷ್ಟರಲ್ಲಿ, ನಾನು ಬಾಗಿ ಶೂ ಲೇಸು ಕಟ್ಟತೊಡಗಿದ್ದೆ.