ಸರದಿ ತಪ್ಪಿದವಳು

ನಮ್ಮ ಶಿಶುವಿಹಾರದಲ್ಲಿ ಟೀಚರುಗಳು ಬಸುರಾಗುವುದಕ್ಕೂ ಸರದಿ ಇತ್ತು. ಎಲ್ಲೂ ಬರೆದಿಟ್ಟದ್ದಲ್ಲ. ಇಬ್ಬರು ಒಟ್ಟಿಗೆ ರಜೆ ಹೋದರೆ ಮಕ್ಕಳನ್ನು ನೋಡುವವರಾರು ಎಂದು ಮುಖ್ಯಸ್ಥೆ ಹಿರಾಬಾಯಶಿ ಕೇಳುತ್ತಿದ್ದರು. ಇನ್ನೊಬ್ಬರನ್ನು ನೇಮಿಸಿಕೊಳ್ಳುವ ಮಾತು ಮಾತ್ರ ಏಳುತ್ತಿರಲಿಲ್ಲ. ಕೆಲಸಕ್ಕೆ ಮೊದಲು ಸೇರಿದವಳಿಗೆ ಮೊದಲ ಸರದಿ. ನಾತ್ಸುಮೆಯದು ಎರಡು ವರ್ಷದ ಹಿಂದೆಯೇ ಬಂದಿತ್ತು. ಆ ಬಸಿರು ನಿಲ್ಲಲಿಲ್ಲ, ಸರದಿ ಮಾತ್ರ ಮುಗಿಯಿತು. ಈ ವರ್ಷ ಓರಿಯೆಯದು. ತಡವಾಗಿ ಸೇರಿದವಳು, ವಯಸ್ಸಿನಲ್ಲಿ ಎಲ್ಲರಿಗಿಂತ ದೊಡ್ಡವಳು.

ಈಗ ನಾತ್ಸುಮೆಗೆ ಮೂರು ತಿಂಗಳು. ಈ ಸಲ ಭಾರ ಎತ್ತಲೇಬಾರದು ಎಂದು ಡಾಕ್ಟರು ಹೇಳಿದ್ದರು. ಆ ಬೆಳಿಗ್ಗೆ ಅತ್ತೆಗೆ ಕೇಳದಂತೆ ನಲ್ಲಿ ಬಿಟ್ಟುಕೊಂಡು ವಾಂತಿ ಮಾಡಿದಳು. ಗಂಡನ ಊಟದ ಡಬ್ಬಿ ತುಂಬಿದಳು, ಅಂಗಿ ಇಸ್ತ್ರಿ ಮಾಡಿದಳು. ಕ್ಷಮೆ ಕೇಳುವಾಗ ಬರಿಗೈಯಲ್ಲಿ ಹೋಗಬಾರದೆಂದು ದಾರಿಯಲ್ಲಿ ಒಂದು ಸಿಹಿಯ ಪೆಟ್ಟಿಗೆ ಕೊಂಡಳು.

ಅಂದಿನ ಪಾಠ ಮೊದಲನೆಯದು, ಎರಡನೆಯದು, ಮೂರನೆಯದು. ಮಕ್ಕಳು ಸಾಲಾಗಿ ನಿಂತು ತಮ್ಮ ಸ್ಥಾನದ ಅಂಕಿಯನ್ನು ಚೀಟಿಯಲ್ಲಿ ಬರೆದು, ಕೆಳಗೆ ಹೆಸರು ಬರೆಯಬೇಕು. ಉಟಾ ತನ್ನ ಹೆಸರಿನ ಮೊದಲ ಅಕ್ಷರವನ್ನು ಕನ್ನಡಿಯಲ್ಲಿ ಕಂಡಂತೆ ತಿರುಗಿಸಿ ಬರೆದು, ನಾಲಗೆ ಕಚ್ಚಿಕೊಂಡು ಅಳಿಸುತ್ತಿದ್ದಳು. ಅಷ್ಟರಲ್ಲಿ ಉಚ್ಚೆಗೆ ಹೋಗಿದ್ದ ಕೊತೆತ್ಸು ಓಡಿಬಂದು ಅವಳ ಮುಂದೆ ನುಗ್ಗಿದ.

"ಸೆನ್ಸೇ, ಇವ್ನು ಸಾಲು ಬಿಟ್ಟು ಹೋಗಿದ್ದ! ಈಗ ಕೊನೇಗೇ ನಿಲ್ಬೇಕು!" ಎಂದು ಉಟಾ ನಾತ್ಸುಮೆ ಟೀಚರಿಗೆ ದೂರಿದಳು.

"ಮೂರನೇದು ನಂದೇ! ಅರ್ಜೆಂಟಾದ್ರೆ ನಾನೇನ್ ಮಾಡ್ಲಿ? ನೀನು ಚಡ್ಡೀಲೇ ಮಾಡ್ಕೋತೀಯಲ್ಲ, ಹಂಗಾ?"

ಮಕ್ಕಳೆಲ್ಲ ಕಿಸಕಿಸ ನಕ್ಕರು.

"ಹೋಗಿ ಬಂದೋನ ಜಾಗ ಅವನದೇ," ಎಂದಳು ನಾತ್ಸುಮೆ. ದನಿ ತನಗೇ ಗಟ್ಟಿಯಾಗಿ ಕೇಳಿಸಿತು. ಹೊಸ ಪೆನ್ಸಿಲು ಕೊಡಲು ಬಂದಿದ್ದ ಓರಿಯೆ ಬಾಗಿಲಲ್ಲಿ ನಿಂತಿದ್ದಳು.

ಮಧ್ಯಾಹ್ನ ಮಕ್ಕಳು ಮಲಗಿದ ಮೇಲೆ ನಾತ್ಸುಮೆ ಮುಖ್ಯಸ್ಥೆಯ ಕೋಣೆಗೆ ಹೋಗಿ ವಿಷಯ ಹೇಳಿದಳು.

ಹಿರಾಬಾಯಶಿ ಚಹಾದ ಬಟ್ಟಲು ಕೆಳಗಿಟ್ಟರು. "ನಿಮ್ಮ ಸರದಿ ಆಗಿಹೋಯ್ತಲ್ಲ, ನಾತ್ಸುಮೆ-ಸಾನ್?"

"ಆ ಮಗು ಉಳೀಲಿಲ್ಲ, ಸೆನ್ಸೇ."

"ಗೊತ್ತು, ಪಾಪ. ಆದ್ರೆ ಸರದಿ ಅಂದ್ರೆ ಸರದಿ. ಕೆಲಸ ಬಿಡಿ ಅಂತ ನಾನೇನೂ ಹೇಳ್ತಿಲ್ಲ. ಓರಿಯೆ-ಸಾನ್‌ದು ಒಂದು ವರ್ಷ ಮುಂದಕ್ಕೆ ಹೋಗತ್ತೆ, ಅಷ್ಟೆ. ಅದನ್ನ ಅವರಿಗೆ ನೀವೇ ಹೇಳಿ. ಗಂಡನ್ನೂ ಕರೆಸಿ, ಜೊತೇಲಿ ಕ್ಷಮೆ ಕೇಳಿ."

ಮೊಗಸಾಲೆಯಲ್ಲಿ ನಿಂತು ಗಂಡನಿಗೆ ಫೋನು ಮಾಡಿದಳು.

"ಈಗ ಕಂಪನೀಲಿ ಬಿಡ್ತಾರಾ?" ಎಂದ ಕುನಿಹಿರೊ. "ನನ್ನ ಪರವಾಗೂ ನೀನೇ ಒಂದ್ಸಲ ಬಾಗಿಬಿಡು."

ಮಕ್ಕಳು ಎದ್ದು ಕಾಲುಚೀಲ ಹುಡುಕುತ್ತಿದ್ದರು. ಹಾಸಿಗೆಗಳನ್ನು ಹೊತ್ತು ಕಪಾಟಿಗೆ ಸೇರಿಸುವ ಹೊತ್ತು. ಬಸುರಾದವಳಿಗೆ ಈ ಕೆಲಸ ಬಿಡುವುದು ನಮ್ಮಲ್ಲಿ ರೂಢಿ. ಅವಳ ಪಾಲಿನ ಹಾಸಿಗೆಗಳನ್ನು ಉಳಿದವರು ಹೊರುತ್ತಿದ್ದೆವು, ನಾಳೆ ನಮ್ಮ ಸರದಿಗೆ ಅವಳು ಹೊರಲೆಂದು.

ನಾತ್ಸುಮೆ ಸಿಹಿಯ ಪೆಟ್ಟಿಗೆ ಮುಂದಿಟ್ಟು ಓರಿಯೆಗೆ ಎಲ್ಲ ಹೇಳಿ, ಸೊಂಟ ಬಾಗಿಸಿ ತಲೆ ತಗ್ಗಿಸಿದಳು. ಎದ್ದು ನಿಂತವಳು ಮತ್ತೊಮ್ಮೆ ಬಾಗಿದಳು.

"ಎರಡನೇದು ಯಾತಕ್ಕೆ?"

"ಅದು ನಮ್ಮನೆಯವರದ್ದು. ಅವರಿಗೆ ಬರಕ್ಕಾಗಲ್ವಂತೆ."

ಓರಿಯೆಯ ಮೂಗಿನಿಂದ ನಗುವಿನಂಥದ್ದೇನೋ ಹೊರಟಿತು. "ಬಾಗೋದಕ್ಕೂ ಹೆಂಡ್ತೀನೇ ಬೇಕಾ ಅವರಿಗೆ?" ಎಂದಳು. ಆಮೇಲೆ ದನಿ ತಗ್ಗಿಸಿ, "ಏಪ್ರಿಲ್‌ಗೆ ನಂಗೆ ನಲವತ್ತು ತುಂಬತ್ತೆ, ನಾತ್ಸುಮೆ-ಸಾನ್. ಹೋಗಿ ಬಂದೋನ ಜಾಗ ಅವನದೇ ಅಂದ್ರಿ ಬೆಳಿಗ್ಗೆ. ಇಷ್ಟು ವರ್ಷ ಸಾಲು ಬಿಡದೆ ನಿಂತೇ ಇದ್ದೋಳ ಜಾಗ ಎಲ್ಲಿ ಹೋಯ್ತು?"



ಓರಿಯೆ ಸಿಹಿಯ ಪೆಟ್ಟಿಗೆಯನ್ನು ಕಿಟಕಿಯ ಕಟ್ಟೆಯ ಮೇಲಿಟ್ಟಳು. ತನ್ನ ಪಾಲಿನ ಹಾಸಿಗೆಗಳನ್ನಷ್ಟೇ ಎತ್ತಿಕೊಂಡು ಕಪಾಟಿನತ್ತ ನಡೆದಳು. ನಾವು ಉಳಿದವರು ಮುಖ್ಯಸ್ಥೆಯ ಕೋಣೆಯ ಬಾಗಿಲನ್ನೊಮ್ಮೆ ನೋಡಿ ಮಕ್ಕಳ ಕಾಲುಚೀಲಗಳಿಗೆ ಕೈ ಹಾಕಿದೆವು.

ನಾತ್ಸುಮೆ ಸ್ವಲ್ಪ ಹೊತ್ತು ಕಾದಳು. ಆಮೇಲೆ ಮಂಡಿಯೂರಿ ಮೊದಲನೆಯ ಹಾಸಿಗೆಯನ್ನು ಎದೆಗವಚಿಕೊಂಡು ಎದ್ದಳು.